ಗಡೀಪಾರಾಗದೆ ಉಳಿದ ಫಿಲಿಪ್ ಸ್ಪ್ರಾಟ್

ಪರೇಲು, ಲಾಲಬಾಗ, ಕಾಳಾಚೌಕಿಗಳ ಚಾಳುಗಳಲ್ಲಿ ಬಾಳಿದ ನಮ್ಮ ಕನ್ನಡಿಗರಿಗೆ ಗಡೀಪಾರೆಂಬ ಶಬ್ದವು ಹೊಸದಲ್ಲ. ತಡೀಪಾರ ಎಂಬ ಮರಾಠಿ ರೂಪದಲ್ಲಿ ಅದನ್ನು ಕೇಳದ ಕಿವಿಯೇ ಇಲ್ಲಿ ಇರಲಾರದು. ಯಾವನನ್ನಾದರೂ ನಗರದಿಂದ ಹೊರಹಾಕುವ ಮುನ್ನ ಅವನ ಮೇಲಿನ ಆರೋಪಗಳ ಸ್ವರೂಪವನ್ನು ಬರಹದಲ್ಲಿ ತಿಳಿಸಿ, ಅವನ ಸಮಜಾಯಿಷಿಯನ್ನು ಕೇಳತಕ್ಕದ್ದೆಂದು ೧೯೫೧ರ ಮುಂಬಯಿ ಪೋಲೀಸು ಕಾಯಿದೆಯ ೫೯ನೆಯ ಕಲಮು ವಿಧಿಸಿದೆ. ನಗರದ ಗಡಿ ದಾಟಿಸುವುದಕ್ಕೆ ಇಷ್ಟು ಕಟ್ಟುಪಾಡಿದ್ದರೆ, ದೇಶದ ಗಡಿಯನ್ನೇ ದಾಟಿಸಿಬಿಡುವುದಕ್ಕೆ ಎಷ್ಟು ಕಟ್ಟುಪಾಡಿರಬೇಕು? ಈ ಪ್ರಶ್ನೆಯು ೧೯೨೮ರಲ್ಲಿ ಸಿಮ್ಲೆಯ ಶಾಸನಸಭೆಯನ್ನು ಸರಿಯಾಗಿ ಎರಡು ಪಾಲು ಮಾಡಿತ್ತು. ಅದಕ್ಕೆ ಮುಖ್ಯ ಕಾರಣರಾದವರು ನಮ್ಮ ಗಿರಣಗಾಂವದ ಕಾಮಗಾರರೊಡನೆ ಸ್ನೇಹ ಬೆಳೆಸಿದ್ದ ಇಬ್ಬರು ಆಂಗ್ಲರು. ಅವರಲ್ಲೊಬ್ಬರಾದ ಫಿಲಿಪ್ ಸ್ಪ್ರಾಟರು ಮುಂದೆ ಬೆಳಗಾವಿಯಲ್ಲಿ ಬಂಧಿಯಾಗಿ, ಬೆಂಗಳೂರಿನಲ್ಲಿ ಪತ್ರಕರ್ತರಾಗಿ ಕನ್ನಡನಾಡಿನವರೇ ಆಗಿಹೋದರು. ಅವರ ಜೀವನವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ.

ಸ್ಪ್ರಾಟರು ಹುಟ್ಟಿದ್ದು ೧೯೦೨ರ ಸಪ್ಟೆಂಬರ ೨೬ರಂದು, ಲಂಡನ್ ನಗರದ ಕ್ಯಾಂಬರ್‌ವೆಲ್ಲಿನಲ್ಲಿ. ತಂದೆ ಶಾಲೆಯ ಉಪಾಧ್ಯಾಯರು. ಗಣಿತದಲ್ಲಿ ಚುರುಕಾಗಿದ್ದ ಹುಡುಗನು ವಿದ್ಯಾರ್ಥಿವೇತನ ಪಡೆದು ೧೯೨೧ರಲ್ಲಿ ಕೇಂಬ್ರಿಜ್ಜಿನ ಡೌನಿಂಗ್ ಕಾಲೇಜನ್ನು ಸೇರಿದನು. ಮಹಾಯುದ್ಧ ಮುಗಿದ ಆ ವರ್ಷಗಳಲ್ಲಿ ಗಣಿತಕ್ಕಿಂತ ರಾಜಕಾರಣದ ಸೆಳೆತವೇ ಹೆಚ್ಚಾಗಿ, ಸ್ಪ್ರಾಟರು ಬ್ರಿಟಿಷ್ ಕಮ್ಯೂನಿಸ್ಟ್ ಪಕ್ಷದ ಸದಸ್ಯರಾದರು.

೧೯೨೬ರ ಡಿಸೆಂಬರ ಕೊನೆಯಲ್ಲಿ ಅವರು ಮುಂಬಯಿಯಲ್ಲಿ ಇಳಿದಾಗ ಅವರಿಗೆ ೨೪ ವರ್ಷ. ಪುಸ್ತಕ ವ್ಯಾಪಾರದ ಪ್ರತಿನಿಧಿಯೆಂಬುದು ಹೊರಗಿನ ವೇಷ. ಪಕ್ಷವು ಹಣ ಕೊಟ್ಟು ಕೆಲಸಕ್ಕೆ ಕಳುಹಿಸಿತ್ತೆಂಬುದು ಒಳಗಿನ ಸಂಗತಿ. ಇದನ್ನು ನಾವು ಮುಚ್ಚಿಡುವುದಿಲ್ಲ. ಸ್ಪ್ರಾಟರೇ ಮುಂದೆ ಬರೆದ ಗ್ರಂಥದಲ್ಲಿ ಮುಚ್ಚಿಡಲಿಲ್ಲ. ಸರಕಾರದ ಗುಮಾನಿಯು ಬರಿಯ ಭ್ರಮೆಯಾಗಿರಲಿಲ್ಲ. ಇವರಿಗಿಂತ ಮೊದಲು ಬಂದಿದ್ದ ಜಾರ್ಜ್ ಆಲಿಸನ್ ಎಂಬವರನ್ನು ಸುಳ್ಳು ಪಾಸ್‌ಪೋರ್ಟಿಗಾಗಿ ಹಿಡಿದು, ನ್ಯಾಯಾಲಯದಲ್ಲಿ ವಿಚಾರಿಸಿ, ಶಿಕ್ಷೆ ವಿಧಿಸಿ, ಆಮೇಲೆ ಸ್ವದೇಶಕ್ಕೆ ಕಳುಹಿಸಿದ್ದರು. ಅದರಲ್ಲಿ ಆಕ್ಷೇಪಿಸತಕ್ಕದ್ದು ಬಹಳವಿರಲಿಲ್ಲ. ಅಪರಾಧವಿತ್ತು, ವಿಚಾರಣೆಯೂ ನಡೆದಿತ್ತು. ಸ್ಪ್ರಾಟರ ಪಾಸ್‌ಪೋರ್ಟಾದರೋ ಅಸಲಿಯಾಗಿತ್ತು. ತೊಡಕಿದ್ದುದು ಅಲ್ಲಿಯೇ.

ಮುಂಬಯಿಯಲ್ಲಿ ಅವರ ಜೊತೆಗಾರರಾದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಸ್. ವಿ. ಘಾಟೆಯವರೂ ಇದ್ದರು; ಡಾಂಗೆ, ಮಿರಜಕರ, ಜೋಗಳೇಕರ, ನಿಂಬಕರರೂ ಇದ್ದರು. ಇವರೆಲ್ಲ ಕಾಮಗಾರ-ಕಿಸಾನ ಪಕ್ಷವನ್ನು ಕಟ್ಟಲು ತೊಡಗಿದ್ದ ಕಾಲವದು. ಸ್ಪ್ರಾಟರು ಭಾರತ ಮತ್ತು ಚೀನಗಳನ್ನು ಕುರಿತು ಒಂದು ಚಿಕ್ಕ ಪುಸ್ತಿಕೆ ಬರೆದರು. ಸರಕಾರವು ಅದರಲ್ಲಿ ರಾಜದ್ರೋಹವನ್ನು ಕಂಡು ೧೯೨೭ರಲ್ಲಿ ಖಟ್ಲೆ ಹೂಡಿತು. ಖಟ್ಲೆಯು ಮುಂಬಯಿ ಹೈಕೋರ್ಟಿನಲ್ಲಿ ಜ್ಯೂರಿಯ ಮುಂದೆ ನಡೆಯಿತು. ಆ ವರ್ಷದ ನವೆಂಬರಿನಲ್ಲಿ ಜ್ಯೂರಿಯವರು ಸ್ಪ್ರಾಟರನ್ನು ನಿರ್ದೋಷಿಯೆಂದು ಬಿಟ್ಟುಬಿಟ್ಟರು. ಈ ಚಿಕ್ಕ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನದೆಲ್ಲ ಇದರಿಂದಲೇ ಹುಟ್ಟಿತೆಂದು ನಮ್ಮ ಅಭಿಪ್ರಾಯ. ಮುಂಬಯಿಯ ನಾಗರಿಕರನ್ನು ಪಂಚರಾಗಿ ಕೂರಿಸಿ ಕೇಳಿದರೆ ಈ ಮನುಷ್ಯನು ಕೈಗೆ ಸಿಕ್ಕುವುದಿಲ್ಲವೆಂಬುದನ್ನು ಸರಕಾರವು ಅಂದು ಕಲಿತುಕೊಂಡಿತು.

ಮರುವರ್ಷ ಗಿರಣಗಾಂವದಲ್ಲಿ ಮಹಾ ಸಂಪು. ಒಬ್ಬೊಬ್ಬ ನೇಕಾರನು ನೋಡಿಕೊಳ್ಳಬೇಕಾದ ಮಗ್ಗಗಳನ್ನು ಹೆಚ್ಚಿಸಿ ಆಳುಗಳನ್ನು ಇಳಿಸುವ ಮಾಲೀಕರ ಯೋಜನೆಗೆ ವಿರೋಧವಾಗಿ ೧೯೨೮ರ ಏಪ್ರಿಲದಲ್ಲಿ ಆರಂಭವಾದ ಸಂಪು ಅಕ್ಟೋಬರದವರೆಗೆ ನಡೆಯಿತು. ಸುಮಾರು ಒಂದೂವರೆ ಲಕ್ಷ ಕಾಮಗಾರರು ಆರು ತಿಂಗಳ ಪಗಾರವಿಲ್ಲದೆ ಬಾಳಿದರು. ಆ ತಿಂಗಳುಗಳಲ್ಲಿ ಖಾನಾವಳಿಯವರೂ ಕಿರಾಣಿ ಅಂಗಡಿಯವರೂ ಎಷ್ಟು ಉದ್ದರಿ ಬರೆದುಕೊಂಡಿರಬಹುದೆಂಬುದನ್ನು ಪರೇಲನ್ನು ಬಲ್ಲವರು ಊಹಿಸಬಲ್ಲರು. ಲಾಲ ಬಾವುಟದ ಗಿರಣಿ ಕಾಮಗಾರ ಯೂನಿಯನ್ ಹುಟ್ಟಿದ್ದು ಈ ಸಂಪಿನ ನಡುವೆಯೇ. ವರ್ಷಾಂತ್ಯದ ಹೊತ್ತಿಗೆ ಅದರ ಸದಸ್ಯರು ೫೦,೦೦೦ಕ್ಕೂ ಮಿಕ್ಕಿದ್ದರು. ಸಂಪಿನ ಹಗಲಿರುಳಿನ ಕೆಲಸದಲ್ಲಿ ಮುಂಬಯಿಯಲ್ಲಿದ್ದ ಆಂಗ್ಲರು ಮುಖ್ಯವಾಗಿ ಬೆನ್ ಬ್ರಾಡ್ಲಿಯವರು. ಸ್ಪ್ರಾಟರು ಕಲಕತ್ತೆ, ಪಂಜಾಬುಗಳೆಂದು ಅಲೆದಾಡುತ್ತ, ಅಲ್ಲಲ್ಲಿಯ ಸಂಘಗಳನ್ನು ಒಂದು ನೂಲಿನಲ್ಲಿ ಪೋಣಿಸುತ್ತಿದ್ದರು. ಸಂಪಿನ ಸೂತ್ರಧಾರರು ಈ ಇಬ್ಬರು ಬಿಳಿಯರೆಂದು ಮಾಲೀಕರೂ ಸರಕಾರವೂ ನಂಬಿದ್ದುದು ನಮ್ಮ ಕಾಮಗಾರರ ಬುದ್ಧಿಗೆ ಮಾಡಿದ ಅಪಚಾರವೆಂದೇ ಹೇಳಬೇಕು.

ಇವರನ್ನು ಹಡಗು ಹತ್ತಿಸಿ ಕಳುಹಿಸಲು ಅಡ್ಡಿಯೇನಿತ್ತು? ಅಡ್ಡಿಯೆಂದರೆ ಕಾಯಿದೆಯೇ. ೧೮೬೪ರ ವಿದೇಶೀಯರ ಕಾಯಿದೆಯಂತೆ ಪರದೇಶಸ್ಥನನ್ನು ಸರಕಾರವು ಹೊರದೂಡಬಹುದಾಗಿತ್ತು. ಆದರೆ ಬ್ರಿಟಿಷ್ ಚಕ್ರವರ್ತಿಯ ಪ್ರಜೆಯು ಆ ಕಾಯಿದೆಯ ಅರ್ಥದಲ್ಲಿ ವಿದೇಶೀಯನಾಗಿರಲಿಲ್ಲ. ೧೯೧೯ರ ಏಪ್ರಿಲ ೨೬ರಂದು ಬಾಂಬೇ ಕ್ರಾನಿಕಲ್ ಪತ್ರಿಕೆಯ ಸಂಪಾದಕರಾದ ಹಾರ್ನಿಮನ್ನರನ್ನು ಯಾವ ವಿಚಾರಣೆಯೂ ಇಲ್ಲದೆ ಇದೇ ಮುಂಬಯಿಯಿಂದ ಇಂಗ್ಲಂಡಕ್ಕೆ ಸಾಗಿಸಿದ್ದು ಯುದ್ಧಕಾಲದ ವಿಶೇಷ ಕಾಯಿದೆಯ ಬಲದಿಂದ. ಫೋರ್ಟಿನಲ್ಲಿ ಹಾರ್ನಿಮನ್ ಸರ್ಕಲ್ಲನ್ನು ಸುತ್ತಿ ಕಚೇರಿಗೆ ಹೋಗುವವರಲ್ಲಿ ಆ ಹೆಸರಿನ ಹಿಂದಿನ ಈ ಕಥೆಯನ್ನು ಬಲ್ಲವರು ವಿರಳ. ಯುದ್ಧ ಮುಗಿದು ಆ ಕಾಯಿದೆಯೂ ತೀರಿಹೋಗಿತ್ತು. ಆದುದರಿಂದ ೧೯೨೮ರ ಸಪ್ಟೆಂಬರದಲ್ಲಿ ಸರಕಾರವು ಸಾರ್ವಜನಿಕ ಸುರಕ್ಷಿತತೆಯ ಮಸೂದೆಯನ್ನು ಸಭೆಗೆ ತಂದಿತು. ಬಲಾತ್ಕಾರದಿಂದ ಸರಕಾರವನ್ನು ಉರುಳಿಸಬೇಕೆಂದು ಬೋಧಿಸುವ, ಭಾರತೀಯನಲ್ಲದ ವ್ಯಕ್ತಿಯನ್ನು ಆಡಳಿತದ ಆಜ್ಞೆಯಿಂದಲೇ ದೇಶದಾಚೆ ಕಳುಹಿಸುವ ಅಧಿಕಾರ ಅದರಲ್ಲಿತ್ತು. ಅಪರಾಧವು ನ್ಯಾಯಾಲಯದಲ್ಲಿ ಸಿದ್ಧವಾಗಬೇಕೆಂಬ ಕಟ್ಟಿರಲಿಲ್ಲ.

ಸಭೆಯಲ್ಲಿ ಕಮ್ಯೂನಿಸ್ಟರು ಯಾರೂ ಇರಲಿಲ್ಲ. ಮಸೂದೆಯನ್ನು ವಿರೋಧಿಸಿ ಎದ್ದವರು ಮೋತೀಲಾಲ ನೆಹರೂ ಹಾಗೂ ಲಾಲಾ ಲಜಪತರಾಯರಂಥವರು. ಲಾಲಾಜಿಯವರಿಗೆ ಈ ವಿಷಯದಲ್ಲಿ ಪುಸ್ತಕದ ಜ್ಞಾನ ಬೇಕಿರಲಿಲ್ಲ. ೧೯೦೭ರಲ್ಲಿ ಅವರನ್ನೇ ೧೮೧೮ರ ಹಳೆಯ ರೆಗ್ಯುಲೇಷನ್ನಿನ ಆಧಾರದಿಂದ, ಆರೋಪವನ್ನೂ ತಿಳಿಸದೆ, ಲಾಹೋರಿನಿಂದ ಮಂಡಾಲೆಗೆ ಒಯ್ದಿದ್ದರು. ಆ ವರ್ಷದ ನವೆಂಬರ ೧೭ರಂದು ಅವರು ತೀರಿಕೊಂಡರು. ಈ ಮಸೂದೆಯ ವಿರೋಧವು ಶಾಸನಸಭೆಯಲ್ಲಿ ಅವರು ಮಾಡಿದ ಕೊನೆಯ ಕಾರ್ಯಗಳಲ್ಲೊಂದು. ಸಪ್ಟೆಂಬರ ೨೪ರಂದು ಮತ ಎಣಿಸಿದಾಗ ಪರವಾಗಿ ೬೧, ವಿರೋಧವಾಗಿ ೬೧. ಅಧ್ಯಕ್ಷ ಪೀಠದಲ್ಲಿದ್ದವರು ವಿಠ್ಠಲಭಾಯಿ ಪಟೇಲರು, ಹಿಂದೆ ನಮ್ಮ ಮುಂಬಯಿ ನಗರಪಾಲಿಕೆಯ ಅಧ್ಯಕ್ಷರಾಗಿದ್ದವರು. ಅವರು ತಮ್ಮ ನಿರ್ಣಾಯಕ ಮತವನ್ನು ಮಸೂದೆಯ ವಿರುದ್ಧ ಕೊಟ್ಟರು. ಸ್ಪ್ರಾಟರೂ ಬ್ರಾಡ್ಲಿಯವರೂ ಒಂದೇ ಒಂದು ಮತದ ಅಂತರದಿಂದ ಈ ನೆಲದಲ್ಲಿ ಉಳಿದರು. ಕೆಲವೇ ತಿಂಗಳಲ್ಲಿ ಝರಿಯಾದ ಕಾಮಗಾರ ಪರಿಷತ್ತಿಗೆ ಬಂದಿದ್ದ ಜಾನ್‌ಸ್ಟೋನ್ ಎಂಬ ಅಮೇರಿಕದ ಪ್ರತಿನಿಧಿಯನ್ನು ಹಿಡಿದು ಹೊರದೂಡಲಾಯಿತು. ಅವರು ವಿದೇಶೀಯರು, ಅವರ ಪರವಾಗಿ ಮತ ಎಣಿಸುವ ಸಭೆಯೇ ಇರಲಿಲ್ಲ.

ಸರಕಾರವು ಸುಮ್ಮನಾಗಲಿಲ್ಲ. ಮಸೂದೆಯನ್ನು ತಿದ್ದಿ ೧೯೨೯ರಲ್ಲಿ ಮತ್ತೆ ತಂದಿತು. ಜೊತೆಜೊತೆಗೇ ಮಾರ್ಚ ೨೦ರಂದು ದೇಶದ ನಾನಾ ನಗರಗಳಲ್ಲಿ ಏಕಕಾಲಕ್ಕೆ ದಾಳಿ ಮಾಡಿ ಸ್ಪ್ರಾಟ್, ಬ್ರಾಡ್ಲಿ, ಘಾಟೆ, ಡಾಂಗೆಯವರೇ ಮೊದಲಾದ ೩೧ ಜನರನ್ನು ಹಿಡಿಯಿತು. ಪರೇಲಿನ ಯೂನಿಯನ್ ಕಚೇರಿಯ ಕಾಗದಪತ್ರಗಳು ಗಂಟುಗಂಟಾಗಿ ಹೊರಟುಹೋದವು. ಚಕ್ರವರ್ತಿಯ ಸಾರ್ವಭೌಮತ್ವವನ್ನು ಕಸಿದುಕೊಳ್ಳುವ ಒಳಸಂಚೆಂಬುದು ಆರೋಪ. ಇತ್ತ ಏಪ್ರಿಲ ೮ರಂದು ದಿಲ್ಲಿಯ ಸಭೆಯಲ್ಲಿ ಭಗತಸಿಂಗ ಮತ್ತು ಬಟುಕೇಶ್ವರ ದತ್ತರ ಬಾಂಬು ಸಿಡಿಯಿತು. ಅಂಜಿಕೆಯ ಆ ವಾತಾವರಣದಲ್ಲಿಯೂ ವಿಠ್ಠಲಭಾಯಿಯವರು ಏಪ್ರಿಲ ೧೧ರಂದು ತೀರ್ಪಿತ್ತರು. ನ್ಯಾಯಾಲಯದ ಮುಂದಿರುವ ಆರೋಪಗಳನ್ನು ಎತ್ತಿ ಆಡದೆ ಈ ಮಸೂದೆಯನ್ನು ಚರ್ಚಿಸುವುದು ಸಾಧ್ಯವಿಲ್ಲ, ಹಾಗೆ ಆಡುವುದು ಆರೋಪಿಗಳಿಗೆ ಅನ್ಯಾಯ. ಆದುದರಿಂದ ಮಸೂದೆಯು ಸಭೆಯ ಮುಂದೆ ಬರತಕ್ಕದ್ದಲ್ಲ ಎಂಬುದು ಅದರ ಸಾರ. ವೈಸರಾಯರು ಅದೇ ತಿಂಗಳಲ್ಲಿ ತಮ್ಮ ವಿಶೇಷಾಧಿಕಾರದಿಂದ ಆ ಮಸೂದೆಯ ವಿಷಯವನ್ನೇ ಸುಗ್ರೀವಾಜ್ಞೆಯಾಗಿ ಹೊರಡಿಸಿದರೆಂಬುದು ಬೇರೆ ಮಾತು.

ಖಟ್ಲೆಗೆ ಮೀರತವೇ ಏಕೆ? ಆರೋಪಿಗಳಲ್ಲಿ ಬಹುಮಂದಿ ಮುಂಬಯಿ, ಕಲಕತ್ತೆಗಳವರು. ಅವರ ಕೆಲಸ, ಸಾಕ್ಷಿ, ವಕೀಲರು, ಬಂಧುಗಳು ಎಲ್ಲ ಇಲ್ಲಿ. ಆದರೆ ಇಲ್ಲಿ ಜ್ಯೂರಿಯಿತ್ತು, ಮೀರತದಲ್ಲಿ ಇರಲಿಲ್ಲ. ಜ್ಯೂರಿಯ ಅಂಜಿಕೆಯು ಆ ನಿರ್ಧಾರದ ಹಿಂದಿತ್ತೆಂಬುದನ್ನು ಅಂದಿನ ಸರಕಾರದ ಕಡತಗಳನ್ನು ಶೋಧಿಸಿದ ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ. ವಿಚಾರಣೆಯಿಲ್ಲದೆ ಹೊರದೂಡಲು ಆಗದಿದ್ದಾಗ, ವಿಚಾರಣೆಯನ್ನೇ ಶಿಕ್ಷೆಯಾಗುವಂತೆ ಮಾಡಲಾಯಿತು. ಸುಮಾರು ನಾಲ್ಕು ವರ್ಷ ಖಟ್ಲೆ ಎಳೆಯಿತು. ೧೯೩೩ರ ಜನವರಿ ೧೬ರಂದು ಸೆಶನ್ಸ್ ನ್ಯಾಯಾಧೀಶರು ಮುಜಫರ ಅಹಮದರಿಗೆ ಆಜನ್ಮ ಕರಿನೀರಿನ ಶಿಕ್ಷೆಯನ್ನೂ, ಸ್ಪ್ರಾಟ್, ಘಾಟೆ ಮುಂತಾದವರಿಗೆ ೧೨ ವರ್ಷಗಳ ಶಿಕ್ಷೆಯನ್ನೂ ವಿಧಿಸಿದರು. ಅದೇ ವರ್ಷದ ಅಗಸ್ಟದಲ್ಲಿ ಅಲಹಾಬಾದ ಹೈಕೋರ್ಟು ಅಪೀಲಿನಲ್ಲಿ ಹಲವರನ್ನು ಬಿಟ್ಟುಬಿಟ್ಟಿತು. ಸ್ಪ್ರಾಟರ ೧೨ ವರ್ಷವನ್ನು ೨ಕ್ಕೆ ಇಳಿಸಿತು. ಅಪೀಲೆಂಬುದೊಂದು ಇರದಿದ್ದರೆ ಮಿಕ್ಕ ಹತ್ತು ವರ್ಷ ಎಲ್ಲಿ ಕಳೆಯುತ್ತಿದ್ದವು?

೧೯೩೪ರಲ್ಲಿ ಬಿಡುಗಡೆಯಾದರೂ ಆ ವರ್ಷ ಮುಗಿಯುವುದರೊಳಗೆ ಅವರನ್ನು ಮತ್ತೆ ಹಿಡಿದು, ಈ ಸಲ ಖಟ್ಲೆಯ ತೊಂದರೆಯನ್ನೂ ತೆಗೆದುಕೊಳ್ಳದೆ, ಬೆಳಗಾವಿಯ ಕೋಟೆಯಲ್ಲಿಟ್ಟರು. ೧೯೩೬ರವರೆಗೆ ಅಲ್ಲಿಯೇ ವಾಸ. ಮೀರತದ ಸೆರೆಯಲ್ಲಿ ಆರಂಭಿಸಿದ್ದ ಓದನ್ನು ಅವರು ಇಲ್ಲಿ ಮುಂದುವರಿಸಿದರು. ಹೊರಬಂದಾಗ ಅವರ ಮನಸ್ಸು ಹಳೆಯದಾಗಿರಲಿಲ್ಲ. ರಶಿಯದ ವರ್ತಮಾನಗಳನ್ನು ತೂಗಿನೋಡಿ ಅವರು ಕಮ್ಯೂನಿಸಮ್ಮನ್ನು ಬಿಟ್ಟುಕೊಟ್ಟಿದ್ದರು. ೧೯೩೯ರಲ್ಲಿ ಮದರಾಸಿನ ಹಿರಿಯ ಕಾಮಗಾರ ಧುರೀಣರಾದ ಸಿಂಗಾರವೇಲು ಚೆಟ್ಟಿಯಾರರ ಬಂಧುವಾದ ಸೀತಾ ಅವರನ್ನು ಮದುವೆಯಾಗಿ, ಬೆಂಗಳೂರಿನಲ್ಲಿ ಸಂಸಾರ ಹೂಡಿದರು. ಅಲ್ಲಿಯ ಮೈಸಿಂಡಿಯಾ ವಾರಪತ್ರಿಕೆಯನ್ನು ನಡೆಸುತ್ತ, ಮೊದಲು ತಾವು ಬಿತ್ತಿದ ಮತವನ್ನೇ ಬಹಳ ವರ್ಷ ಲೇಖನಿಯಿಂದ ಖಂಡಿಸಿದರು. ಹಳೆಯ ಸಂಗಾತಿಗಳು ಇದನ್ನು ಕ್ಷಮಿಸಲಿಲ್ಲ. ಅವರು ಮೊದಲು ಹೇಳಿದ್ದು ಸರಿಯೋ, ಆಮೇಲೆ ಹೇಳಿದ್ದು ಸರಿಯೋ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ೧೯೨೮ರಲ್ಲಿ ಅವರನ್ನು ಹಡಗು ಹತ್ತಿಸಿದ್ದರೆ ಈ ಎರಡನೆಯ ಸ್ಪ್ರಾಟರನ್ನು ಈ ದೇಶವು ಕಾಣುತ್ತಿರಲಿಲ್ಲವೆಂಬುದಷ್ಟೇ ನಮಗೆ ಕಾಣುತ್ತದೆ.

ಅವರು ತಮ್ಮ ಭಾರತದ ಅನುಭವಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ ೧೯೫೫ರಲ್ಲಿಯೇ, ಹಳೆಯ ಪ್ರಶ್ನೆಯು ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಹಾನ್ಸ್ ಮುಲ್ಲರ್ ಎಂಬ ಜರ್ಮನನ ಅರ್ಜಿಯಲ್ಲಿ, ವಿದೇಶೀಯನನ್ನು ಹೊರಹಾಕುವ ಸರಕಾರದ ಅಧಿಕಾರಕ್ಕೆ ಸಂವಿಧಾನದಲ್ಲಿ ಕಡಿವಾಣವಿಲ್ಲವೆಂದು ತೀರ್ಪಾಯಿತು. ೧೯೩೭ರಿಂದ ಇಲ್ಲಿಯೇ ಬಾಳಿದ್ದ ಬೆಲ್ಜಿಯಮ್ಮಿನ ಪಾದ್ರಿ ಲೂಯಿ ಡಿ ರೇಟರ ಪ್ರಕರಣದಲ್ಲಿ, ಜೀವ ಮತ್ತು ವ್ಯಕ್ತಿಸ್ವಾತಂತ್ರ್ಯಗಳನ್ನು ರಕ್ಷಿಸುವ ೨೧ನೆಯ ಅನುಚ್ಛೇದವು ವಿದೇಶೀಯರಿಗೂ ಸಲ್ಲುತ್ತದೆಂದು ೧೯೯೧ರಲ್ಲಿ ನ್ಯಾಯಾಲಯ ಒಪ್ಪಿತು; ಆದರೂ ಅವರ ಅರ್ಜಿ ತಳ್ಳಿಹೋಯಿತು. ತಾನು ವಿದೇಶೀಯನಲ್ಲವೆಂದು ಸಾಧಿಸುವ ಹೊಣೆಯನ್ನು ಆ ವ್ಯಕ್ತಿಯ ಮೇಲೆಯೇ ಹೊರಿಸಿದ ೧೯೪೬ರ ಕಾಯಿದೆಯ ಜಾಗಕ್ಕೆ ೨೦೨೫ರಲ್ಲಿ ಹೊಸ ಕಾಯಿದೆ ಬಂದಿದೆ. ಆ ಹೊಣೆ ಮಾತ್ರ ಹಾಗೆಯೇ ಇದೆ. ಅದೇ ೨೦೨೫ರ ಜೂನಿನಲ್ಲಿ ಮಹಾರಾಷ್ಟ್ರದಲ್ಲಿ ದುಡಿಯುತ್ತಿದ್ದ ಪಶ್ಚಿಮ ಬಂಗಾಲದ ಕೆಲವು ಕೂಲಿಗಾರರನ್ನು ಪರದೇಶಿಗಳೆಂದು ಹಿಡಿದು ಬಾಂಗ್ಲಾದೇಶದ ಗಡಿಯಾಚೆ ದಾಟಿಸಿ, ಭಾರತೀಯರೆಂದು ಗೊತ್ತಾದ ಮೇಲೆ ಮರಳಿ ಕರೆತರಲಾಯಿತು. ಪರವೂರಿನಲ್ಲಿ ದುಡಿದು ತಿನ್ನುವ ನಮ್ಮಂಥವರು ಇದನ್ನು ಓದಿ ಪುಟ ತಿರುವಿಹಾಕುವಂತಿಲ್ಲ. ಮೊದಲೇ ಒಂದು ಸಲ ಅವರನ್ನು ಕೂರಿಸಿ ಕೇಳಿದ್ದರೆ ಆ ಪ್ರಯಾಣ ತಪ್ಪುತ್ತಿತ್ತು.

ಸ್ಪ್ರಾಟರು ತಮ್ಮ ಕೊನೆಯ ವರ್ಷಗಳನ್ನು ಮದರಾಸಿನಲ್ಲಿ, ರಾಜಾಜಿಯವರ ಸ್ವರಾಜ್ಯ ಪತ್ರಿಕೆಯ ಕೆಲಸದಲ್ಲಿ ಕಳೆದರು. ಹಿಂದೂ ಸಂಸ್ಕೃತಿಯನ್ನೂ ಹಿಂದೂಗಳ ಮನೋಧರ್ಮವನ್ನೂ ಕುರಿತ ಅವರ ದೊಡ್ಡ ಗ್ರಂಥವು ೧೯೬೬ರಲ್ಲಿ ಮುಂಬಯಿಯಲ್ಲಿಯೇ ಅಚ್ಚಾಗಿ ಹೊರಬಂದಿತು. ೧೯೭೧ರ ಮಾರ್ಚ ೮ರಂದು, ಕ್ಯಾನ್ಸರ್ ರೋಗದಿಂದ, ಅವರು ಮದರಾಸಿನಲ್ಲಿ ನಿಧನರಾದರು.