ಥಾಮಸ್ ಮನ್ರೋ

ಸರ್ ಥಾಮಸ್ ಮನ್ರೋ (ಮೇ 27, 1761 – ಜುಲೈ 6, 1827) ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ, ಕಂದಾಯ ಆಡಳಿತಗಾರ ಮತ್ತು 1820ರಿಂದ 1827ರವರೆಗೆ ಮದರಾಸು ಪ್ರಾಂತ್ಯದ ಗವರ್ನರ್. ರೈತವಾರಿ ಪದ್ಧತಿಯ ಪ್ರಮುಖ ಪ್ರತಿಪಾದಕನೆಂದು ಹೆಸರಾಗಿದ್ದಾನೆ. ಕನ್ನಡ ನಾಡಿನ ಮಟ್ಟಿಗೆ ಈತನ ಸಂಬಂಧ ಮೂರು ಕಡೆಗಳದ್ದು: 1799–1800ರಲ್ಲಿ ಕೆನರಾ ಕರಾವಳಿ, 1800–1807ರಲ್ಲಿ ಬಳ್ಳಾರಿಯನ್ನು ಒಳಗೊಂಡ ದತ್ತ ಮಂಡಲ, 1817–18ರಲ್ಲಿ ಧಾರವಾಡ ಸೀಮೆ. ಮೂರೂ ಕಡೆ ಅವನ ಎದುರಿಗಿದ್ದ ಪ್ರಶ್ನೆ ಒಂದೇ ಆಗಿತ್ತು. ಹೊಲದ ಕಂದಾಯವನ್ನೂ ದಾರಿಯ ಸುಂಕವನ್ನೂ ವಸೂಲು ಮಾಡುವ ಹಕ್ಕು ಯಾರದು, ಸ್ಥಳೀಯ ಅರಸು, ದೇಸಾಯಿ, ಪಾಳೆಯಗಾರರದೋ ಅಥವಾ ಹೊಸದಾಗಿ ಬಂದ ಕಂಪನಿಯದೋ ಎಂಬುದೇ ಆ ಪ್ರಶ್ನೆ.

ಆರಂಭಿಕ ಜೀವನ

ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದನು. ತಂದೆ ಅಲೆಕ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾದೊಡನೆ ಹೊಗೆಸೊಪ್ಪಿನ ವ್ಯಾಪಾರ ನಡೆಸುತ್ತಿದ್ದನು. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಆ ವ್ಯಾಪಾರ ನೆಲಕಚ್ಚಿ ಕುಟುಂಬ ದಿವಾಳಿಯಾಯಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ್ದ ಮಗ ಕಂಪನಿಯ ಸೈನ್ಯದಲ್ಲಿ ಕೆಡೆಟ್ ಆಗಿ ಸೇರಿ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದನು. ಅದೇ ವರ್ಷ ಹೈದರ್ ಅಲಿಯೊಡನೆ ಎರಡನೆಯ ಆಂಗ್ಲೋ-ಮೈಸೂರು ಯುದ್ಧ ಆರಂಭವಾಯಿತು. 1784ರವರೆಗೆ ಮನ್ರೋ ಆ ಯುದ್ಧದಲ್ಲಿ ಭಾಗವಹಿಸಿದನು.

1792ರಲ್ಲಿ ಟಿಪ್ಪು ಸುಲ್ತಾನನಿಂದ ಕಂಪನಿಗೆ ಬಿಟ್ಟುಕೊಡಲ್ಪಟ್ಟ ಬಾರಾಮಹಲ್ ಸೀಮೆಯಲ್ಲಿ ಅಲೆಕ್ಸಾಂಡರ್ ರೀಡ್ ಎಂಬ ಅಧಿಕಾರಿಯ ಕೈಕೆಳಗೆ ಅವನು ಏಳು ವರ್ಷ ಕೆಲಸ ಮಾಡಿದನು. ಜಮೀನ್ದಾರ ಅಥವಾ ಗುತ್ತಿಗೆದಾರರನ್ನು ನಡುವೆ ತರದೆ ಒಬ್ಬೊಬ್ಬ ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ಪದ್ಧತಿ ರೂಪುಗೊಂಡದ್ದು ಇಲ್ಲಿ. ಇದರ ಹಿಂದೆ ರೈತರ ಹಿತ ಮಾತ್ರ ಇತ್ತೆಂದು ಹೇಳಲಾಗದು. ನಡುವಿನವರ ಕೈಸೇರುತ್ತಿದ್ದ ಪಾಲು ನೇರವಾಗಿ ಖಜಾನೆಗೆ ಬರುತ್ತಿತ್ತು.

ಕೆನರಾ

ಶ್ರೀರಂಗಪಟ್ಟಣದ ಪತನದ ಬಳಿಕ, 1799ರಲ್ಲಿ, ಮನ್ರೋ ಕೆನರಾ ಜಿಲ್ಲೆಯ ಮೊದಲ ಕಲೆಕ್ಟರನಾದನು. ಇಂದಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮತ್ತು ಕಾಸರಗೋಡುಗಳ ಬಹುಭಾಗ ಆಗ ಒಂದೇ ಜಿಲ್ಲೆಯಾಗಿತ್ತು. ಮಂಗಳೂರು, ಹೊನ್ನಾವರ ಮೊದಲಾದ ಬಂದರುಗಳಿಂದ ಅಕ್ಕಿ, ಮೆಣಸು, ಗಂಧದ ಮರಗಳು ಶತಮಾನಗಳಿಂದ ಅರಬ್ಬೀ ದೇಶಗಳಿಗೆ, ಮುಖ್ಯವಾಗಿ ಮಸ್ಕತ್ತಿಗೆ, ಸಾಗುತ್ತಿದ್ದವು. ಅಲ್ಲಿಂದ ಕುದುರೆ, ಖರ್ಜೂರ ಬರುತ್ತಿದ್ದವು. ಭಟ್ಕಳದ ನವಾಯತರು ಈ ವ್ಯಾಪಾರದಿಂದಲೇ ನೆಲೆಗೊಂಡ ಸಮುದಾಯ. ಟಿಪ್ಪು ಸುಲ್ತಾನ ಮಸ್ಕತ್ತಿನಲ್ಲಿ ತನ್ನದೇ ಕೋಠಿಯನ್ನು ಸ್ಥಾಪಿಸಿ ಅಲ್ಲಿನ ಇಮಾಮನಿಂದ ಸುಂಕದ ರಿಯಾಯಿತಿ ಪಡೆದಿದ್ದನು. ಅವನ ಆಳ್ವಿಕೆಯಲ್ಲಿ ಕರಾವಳಿಯ ಲಾಭದಾಯಕ ಸರಕುಗಳ ವ್ಯಾಪಾರ ಬಹುಮಟ್ಟಿಗೆ ಸರ್ಕಾರದ ಹಿಡಿತದಲ್ಲಿತ್ತು. ಬಂದರುಗಳೆಲ್ಲ ಈಗ ಕಂಪನಿಯ ಕೈಸೇರಿದವು.

ಆದರೆ ಒಳನಾಡಿನ ಹಳೆಯ ಅರಸುಮನೆತನಗಳು ಇದನ್ನು ಒಪ್ಪಲಿಲ್ಲ. ಮೈಸೂರಿನ ಆಳ್ವಿಕೆಯಲ್ಲಿ ಅಧಿಕಾರ ಕಳೆದುಕೊಂಡಿದ್ದ ಕುಂಬಳೆ, ನೀಲೇಶ್ವರ, ವಿಟ್ಲಗಳ ಒಡೆಯರು ಟಿಪ್ಪುವಿನ ಪತನದೊಡನೆ ತಮ್ಮ ಸೀಮೆಗಳು ತಮಗೆ ಮರಳುವುವೆಂದು ನಿರೀಕ್ಷಿಸಿದ್ದರು. ಮನ್ರೋ ಅವರಿಗೆ ಪಿಂಚಣಿ ಕೊಡಲು ಸಿದ್ಧನಿದ್ದನೇ ಹೊರತು ವಸೂಲಿಯ ಹಕ್ಕನ್ನು ಬಿಡಲು ಸಿದ್ಧನಿರಲಿಲ್ಲ. ಕುಂಬಳೆ, ನೀಲೇಶ್ವರದವರು ಕೊನೆಗೆ ಪಿಂಚಣಿಗೆ ಒಪ್ಪಿದರು. ವಿಟ್ಲದ ಹೆಗ್ಗಡೆ ಬಂಡೆದ್ದು ಸೆರೆಸಿಕ್ಕಿ 1800ರಲ್ಲಿ ಗಲ್ಲಿಗೇರಿದನು. ರೈತರ ಪ್ರತಿರೋಧದ ಬಗೆ ಬೇರೆಯಾಗಿತ್ತು. ಕಂದಾಯದ ಮಾತುಕತೆಗೆ ಬರಲು ಅವರು ಸಾಮೂಹಿಕವಾಗಿ ನಿರಾಕರಿಸಿದ ಪ್ರಸಂಗಗಳುಂಟು.

ಹಳೆಯ ಕಡತ, ಶಾಸನಗಳ ಆಧಾರದ ಮೇಲೆ ಮನ್ರೋ ವಿಜಯನಗರದ ಕಾಲದಿಂದ ಟಿಪ್ಪುವಿನವರೆಗಿನ ಕಂದಾಯದ ಇತಿಹಾಸವನ್ನು ಬರೆದು 1800ರ ಮೇ ತಿಂಗಳಲ್ಲಿ ಕಂದಾಯ ಮಂಡಳಿಗೆ ಸಲ್ಲಿಸಿದನು. ಕೆನರಾದಲ್ಲಿ ಭೂಮಿ ಮೊದಲಿನಿಂದಲೂ ಖಾಸಗಿ ಒಡೆತನದಲ್ಲಿತ್ತೆಂಬುದು ಅದರ ಮುಖ್ಯ ನಿರ್ಣಯ. ಕರಾವಳಿಯ ಭೂ ಇತಿಹಾಸಕ್ಕೆ ಈ ವರದಿ ಇಂದಿಗೂ ಆಕರವಾಗಿದೆ. ಮಳೆ ಮತ್ತು ಏಕಾಂತದಿಂದ ಬೇಸತ್ತ ಮನ್ರೋ ಒಂದೂವರೆ ವರ್ಷದೊಳಗೆ ವರ್ಗಾವಣೆ ಬೇಡಿ ಪಡೆದನು.

ದತ್ತ ಮಂಡಲ

1800ರಲ್ಲಿ ನಿಜಾಮನು ಕಂಪನಿಗೆ ಒಪ್ಪಿಸಿದ ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಕೆಲವು ಭಾಗಗಳಿಗೆ ಮನ್ರೋ ಪ್ರಧಾನ ಕಲೆಕ್ಟರನಾದನು. ಅಲ್ಲಿ ಸುಮಾರು 80 ಪಾಳೆಯಗಾರರಿದ್ದರು. ಹಳ್ಳಿಗಳಿಂದ ಕಾವಲಿ ಕಾಣಿಕೆ, ದಾರಿಹೋಕರಿಂದ ಸುಂಕ ಎತ್ತುವುದು ಅವರ ಅಧಿಕಾರದ ಬುನಾದಿ. ಮನ್ರೋ ಅನೇಕರ ಕೋಟೆಗಳನ್ನು ವಶಪಡಿಸಿಕೊಂಡು ಅವರನ್ನು ಹೊರಹಾಕಿದನು. ಈ ಕ್ರಮ ಅತಿ ಕಠಿಣವಾಯಿತೆಂದು ಲಂಡನ್ನಿನ ನಿರ್ದೇಶಕ ಮಂಡಳಿಯೇ ಆಕ್ಷೇಪಿಸಿತು. ಅವನು ಗೊತ್ತುಮಾಡಿದ ಕಂದಾಯವೂ ಹೊರೆಯಾಗಿತ್ತು. 1807ರಲ್ಲಿ ಊರಿಗೆ ಹೊರಡುವ ಮುನ್ನ ದರವನ್ನು ಕಾಲುಭಾಗ ಇಳಿಸಬೇಕೆಂದು ಮನ್ರೋ ಸ್ವತಃ ಶಿಫಾರಸು ಮಾಡಿದನು. ಆಗ ಅದನ್ನು ಸರ್ಕಾರ ಒಪ್ಪಲಿಲ್ಲ.

ಬಳ್ಳಾರಿಯಲ್ಲಿದ್ದಾಗ ಮಂತ್ರಾಲಯದ ಮಠಕ್ಕೆ ಸೇರಿದ ಗ್ರಾಮದ ಹಕ್ಕನ್ನು ಪರಿಶೀಲಿಸಲು ಹೋದ ಮನ್ರೋಗೆ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ದರ್ಶನವಿತ್ತು ಮಾತನಾಡಿದರೆಂಬ ಐತಿಹ್ಯ ಭಕ್ತರಲ್ಲಿ ಪ್ರಸಿದ್ಧವಾಗಿದೆ. ಇದೂ ಕಂದಾಯದ ಹಕ್ಕಿನ ಸುತ್ತಲೇ ಬೆಳೆದ ಕಥೆ ಎಂಬುದು ಗಮನಾರ್ಹ.

ಧಾರವಾಡ ಸೀಮೆ, 1817–18

1807ರಿಂದ 1814ರವರೆಗೆ ಇಂಗ್ಲೆಂಡಿನಲ್ಲಿದ್ದ ಮನ್ರೋ, ಜೇನ್ ಕ್ಯಾಂಪ್‌ಬೆಲ್ ಎಂಬಾಕೆಯನ್ನು ವಿವಾಹವಾಗಿ, ನ್ಯಾಯಾಡಳಿತದ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಮದರಾಸಿಗೆ ಮರಳಿದನು. 1817ರ ಜೂನ್ ತಿಂಗಳ ಪುಣೆ ಒಪ್ಪಂದದಂತೆ ಪೇಶ್ವೆ ಎರಡನೆಯ ಬಾಜೀರಾಯನು ಧಾರವಾಡ ಮತ್ತು ಕುಸುಗಲ್ ಕೋಟೆಗಳನ್ನೂ ಅವುಗಳಿಗೆ ಸೇರಿದ ಪ್ರದೇಶವನ್ನೂ ಬಿಟ್ಟುಕೊಡಬೇಕಾಯಿತು. ಅದನ್ನು ವಶಕ್ಕೆ ಪಡೆಯಲು ನೇಮಕವಾದವನು ಮನ್ರೋ. ಅದೇ ವರ್ಷ ಅಕ್ಟೋಬರಿನಲ್ಲಿ, ಪೇಶ್ವೆಯ ಅಪೇಕ್ಷೆಯಂತೆ, ಸಂಡೂರಿನ ಶಿವರಾವ್ ಘೋರ್ಪಡೆಯಿಂದ ಆ ಸಂಸ್ಥಾನವನ್ನು ಅವನು ವಶಪಡಿಸಿಕೊಂಡನು. ಶಿವರಾವ್ ಪ್ರತಿಭಟಿಸಲಿಲ್ಲ. ಕೆಲವೇ ವಾರಗಳಲ್ಲಿ ಪೇಶ್ವೆಯೇ ಕಂಪನಿಯ ವೈರಿಯಾದುದರಿಂದ 1818ರಲ್ಲಿ ಸಂಡೂರು ಘೋರ್ಪಡೆಗೆ ಹಿಂದಿರುಗಿತು.

ಆ ಕಾಲದ ಧಾರವಾಡ ಸೀಮೆ ಒಬ್ಬ ಒಡೆಯನ ಅಧೀನದಲ್ಲಿರಲಿಲ್ಲ. ನವಲಗುಂದದ ಸುತ್ತಲಿನ ಪ್ರದೇಶ ಪೇಶ್ವೆಯ ಸೇನಾನಿ ಬಾಪು ಗೋಖಲೆಯ ಹಿಡಿತದಲ್ಲಿತ್ತು. ಪಟವರ್ಧನರ ಮನೆತನದ ಶಾಖೆಗಳು ಅಲ್ಲಲ್ಲಿ ಹಳ್ಳಿಗಳನ್ನು ಹೊಂದಿದ್ದವು. ಕುಂದಗೋಳವು ಜಮಖಂಡಿಯ ಪಟವರ್ಧನರಿಗೆ ಸೇರಿ 1948ರವರೆಗೂ ಆ ಸಂಸ್ಥಾನದ ಭಾಗವಾಗಿಯೇ ಉಳಿಯಿತು. ನರಗುಂದದಲ್ಲಿ ಭಾವೆ, ಸವಣೂರಿನಲ್ಲಿ ನವಾಬ, ಪಶ್ಚಿಮದಲ್ಲಿ ಕಿತ್ತೂರಿನ ದೇಸಾಯಿ ಇದ್ದರು. ಗಡಿ ದಾಟಿದಲ್ಲೆಲ್ಲ ಸುಂಕದ ಕಟ್ಟೆ ಎದುರಾಗುತ್ತಿತ್ತು. ಸ್ಥಳಾದಾಯ, ಮಾರ್ಗಾದಾಯ, ಮಾಮೂಲಾದಾಯ ಎಂದು ಸುಂಕವನ್ನು ವಿಂಗಡಿಸುವ ಕ್ರಮ ಕನ್ನಡ ನಾಡಿನಲ್ಲಿ ವಿಜಯನಗರದ ಕಾಲದಷ್ಟು ಹಳೆಯದು. ನವಲಗುಂದ, ಅಣ್ಣಿಗೇರಿಗಳ ಎರೆಹೊಲದ ಹತ್ತಿ ಎತ್ತಿನ ಹೇರುಗಳಲ್ಲಿ ಕಲಘಟಗಿ, ಯಲ್ಲಾಪುರಗಳ ದಾರಿಯಾಗಿ ಘಟ್ಟ ಇಳಿದು ಕರಾವಳಿ ಸೇರಬೇಕಿತ್ತು. ಉಪ್ಪು, ತೆಂಗು, ಖರ್ಜೂರ ಅದೇ ದಾರಿಯಲ್ಲಿ ಮೇಲೇರುತ್ತಿದ್ದವು. ಒಂದೇ ಹೇರಿಗೆ ಹಲವು ಒಡೆಯರ ಕಟ್ಟೆಗಳಲ್ಲಿ ಸುಂಕ ತೆರಬೇಕಾಗುತ್ತಿದ್ದುದರಿಂದ ಬೆಲೆ ಏರುತ್ತಿತ್ತು.

1817ರ ನವೆಂಬರಿನಲ್ಲಿ ಮೂರನೆಯ ಆಂಗ್ಲೋ-ಮರಾಠಾ ಯುದ್ಧ ಆರಂಭವಾದಾಗ ಧಾರವಾಡದಲ್ಲಿದ್ದ ಮನ್ರೋ ಬಳಿ ಅಲ್ಪ ಸೈನ್ಯವಿತ್ತು. ಮುಖ್ಯ ಸೈನ್ಯದೊಡನೆ ಸಂಪರ್ಕವೂ ಕಡಿದಿತ್ತು. ಅವನು ಅನುಸರಿಸಿದ ದಾರಿ ಸೈನ್ಯಾಧಿಕಾರಿಯದಕ್ಕಿಂತ ಹೆಚ್ಚಾಗಿ ಕಲೆಕ್ಟರನದು. ಶತ್ರುವಿನ ಪ್ರದೇಶಕ್ಕೆ ಮೊದಲು ಅಮಲದಾರರನ್ನು ನೇಮಿಸಿ, ಅವರ ಕೈಗೆ ಸ್ಥಳೀಯ ಪೇದೆಗಳನ್ನು ಕೊಟ್ಟು, ಹಳ್ಳಿಗಳ ಕಂದಾಯವನ್ನು ಕಂಪನಿಯ ಹೆಸರಿನಲ್ಲಿ ಎತ್ತಿಸತೊಡಗಿದನು. ಹೀಗೆ ಬಂದ ಹಣದಿಂದಲೇ ಇನ್ನಷ್ಟು ಪೇದೆಗಳಿಗೆ ಸಂಬಳ ಕೊಡಲಾಯಿತು. ಪೇಶ್ವೆಯ ಕಡೆಯವರಿಗೆ ಆದಾಯ ನಿಂತುಹೋಯಿತು. ಕೋಟೆಗಳು ಬೀಳುವ ಮೊದಲೇ ಅವುಗಳ ಸುತ್ತಲಿನ ಹಳ್ಳಿಗಳು ಕೈತಪ್ಪಿದ್ದವು.

ಈ ಕ್ರಮದ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ನವಲಗುಂದದಲ್ಲಿ. ಮೈಸೂರು ಸೀಮೆಯ ರಾಮರಾವ್ ಎಂಬವನು ಸುಮಾರು 500 ಪೇದೆಗಳೊಡನೆ ಅಲ್ಲಿಗೆ ನೇಮಕಗೊಂಡು ತಾಲೂಕಿನ ಅರ್ಧಕ್ಕೂ ಹೆಚ್ಚು ಭಾಗವನ್ನು ಬೇಗನೆ ವಶಪಡಿಸಿಕೊಂಡನು. ಅವನನ್ನು ತಡೆಯಲು ಕುದುರೆ ದಂಡಿನೊಡನೆ ಬಂದ ಬಾಪು ಗೋಖಲೆಯ ಮಗ ಗೋವಿಂದರಾವ್ ಸೋತು ಹಿಮ್ಮೆಟ್ಟಿದನು. ಬಳಿಕ ಕಾಶೀರಾವ್ ಗೋಖಲೆ ಊರನ್ನು ಮುತ್ತಲು ಬಂದನು. ಡಿಸೆಂಬರ್ 22ರಂದು ಮನ್ರೋ ಸ್ವತಃ ಧಾರವಾಡದಿಂದ ನವಲಗುಂದದ ಕಡೆ ಹೊರಟಾಗ ಕಾಶೀರಾವ್ ಬಾದಾಮಿಯತ್ತ ಸರಿದನು. ರಾಮರಾವನ ಪೇದೆಗಳು ಕನ್ನಡ ನಾಡಿನವರೇ ಆಗಿದ್ದು, ಯುದ್ಧದ ಈ ಭಾಗ ಬಹುಮಟ್ಟಿಗೆ ಅವರಿಂದಲೇ ನಡೆಯಿತೆಂಬುದನ್ನು ಮನ್ರೋನ ಜೀವನ ಚರಿತ್ರೆಗಳಲ್ಲಿ ಸಾಕಷ್ಟು ಎತ್ತಿ ಹೇಳಿಲ್ಲ.

1818ರ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿ ಮತ್ತು ಇಂದಿನ ಕಲಘಟಗಿ ತಾಲೂಕಿನ ಮಿಶ್ರಿಕೋಟಿ ಒಂದಾದ ಮೇಲೊಂದರಂತೆ ಶರಣಾದವು. ಫೆಬ್ರವರಿ 18ರಂದು ಬಾದಾಮಿ ಬಿದ್ದಿತು. ಬೆಳಗಾವಿ ಕೋಟೆ ಸುಮಾರು ಮೂರು ವಾರ ಕಾದಾಡಿ ಏಪ್ರಿಲ್ 10ರಂದು ಶರಣಾಯಿತು. ಮೇ ತಿಂಗಳಲ್ಲಿ ಸೊಲ್ಲಾಪುರದ ಪತನದೊಡನೆ ಕಾರ್ಯಾಚರಣೆ ಮುಗಿಯಿತು. ಅದೇ ವರ್ಷ ಮನ್ರೋ ಅಧಿಕಾರ ತ್ಯಜಿಸಿದನು.

ಕಿತ್ತೂರಿನ ಕರಾರು

ಪೇಶ್ವೆಯ ವಿರುದ್ಧ ಮನ್ರೋಗೆ ನೆರವಾದವರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ದೇಸಾಯಿಯೂ ಒಬ್ಬನು. ಇದಕ್ಕೆ ಪ್ರತಿಯಾಗಿ 1818ರಲ್ಲಿ ವರ್ಷಕ್ಕೆ 1,75,000 ರೂಪಾಯಿ ಪೊಗದಿಯ ಕರಾರಿನ ಮೇಲೆ ಸಂಸ್ಥಾನವನ್ನು ಅವನಿಗೇ ಮುಂದುವರಿಸಲಾಯಿತು. ದೇಸಾಯಿ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಮರಣಹೊಂದಿದಾಗ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ದತ್ತು ಸ್ವೀಕಾರವನ್ನು ಮಾನ್ಯ ಮಾಡದೆ ಖಜಾನೆಗೆ ಮುದ್ರೆ ಹಾಕಿಸಿದನು. ರಾಣಿ ಚೆನ್ನಮ್ಮನ ನೇತೃತ್ವದಲ್ಲಿ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕಿತ್ತೂರು ಕಂಪನಿಯ ವಶವಾಯಿತು. ಯುದ್ಧಕಾಲದಲ್ಲಿ ನೆರವಿಗಾಗಿ ಕೊಟ್ಟ ಮಾತಿಗೆ ಆರು ವರ್ಷಗಳ ನಂತರ ಬೆಲೆಯಿರಲಿಲ್ಲ. ಆಗ ಮದರಾಸಿನ ಗವರ್ನರನಾಗಿದ್ದ ಮನ್ರೋಗೆ ಧಾರವಾಡದ ಆಡಳಿತದ ಮೇಲೆ ನೇರ ಅಧಿಕಾರವಿರಲಿಲ್ಲ.

ಒಳನಾಡಿನ ದಾರಿಸುಂಕ ರದ್ದಾದದ್ದು ಮನ್ರೋನ ಮರಣದ ನಂತರ: ಮುಂಬಯಿ ಪ್ರಾಂತ್ಯದಲ್ಲಿ 1838ರಲ್ಲಿ, ಮದರಾಸಿನಲ್ಲಿ 1844ರಲ್ಲಿ. ಆ ಬಳಿಕ ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ದೊಡ್ಡ ಪ್ರಮಾಣದಲ್ಲಿ ಹೊರಟು, ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಆ ಬಂದರಿನ ಹೆಸರಿನಿಂದಲೇ ಪರಿಚಿತವಾಯಿತು.

ಗವರ್ನರ್ ಹುದ್ದೆ

1820ರ ಜೂನ್ ತಿಂಗಳಲ್ಲಿ ಮನ್ರೋ ಮದರಾಸಿನ ಗವರ್ನರನಾಗಿ ಅಧಿಕಾರ ವಹಿಸಿಕೊಂಡನು. ರೈತವಾರಿ ಪದ್ಧತಿಯನ್ನು ಪ್ರಾಂತ್ಯದ ಬಹುಭಾಗಕ್ಕೆ ವಿಸ್ತರಿಸಲಾಯಿತು. 1822ರಲ್ಲಿ ಅವನು ಆಜ್ಞಾಪಿಸಿದ ದೇಶೀಯ ಶಾಲೆಗಳ ಸಮೀಕ್ಷೆ ಬಳ್ಳಾರಿ ಮೊದಲಾದ ಜಿಲ್ಲೆಗಳ ಅಂದಿನ ವಿದ್ಯಾಭ್ಯಾಸದ ಸ್ಥಿತಿಗೆ ಮುಖ್ಯ ದಾಖಲೆಯಾಗಿದೆ. ಭಾರತೀಯರನ್ನು ಉನ್ನತ ಹುದ್ದೆಗಳಿಂದ ದೂರವಿಡುವುದು ಅವರ ನೈತಿಕ ಬಲವನ್ನು ಕುಗ್ಗಿಸುತ್ತದೆಂದು 1824ರ ಡಿಸೆಂಬರಿನ ತನ್ನ ಟಿಪ್ಪಣಿಯಲ್ಲಿ ಅವನು ವಾದಿಸಿದನು. ಮೊದಲನೆಯ ಬರ್ಮಾ ಯುದ್ಧದ ಸಂದರ್ಭದ ಸೇವೆಗಾಗಿ 1825ರಲ್ಲಿ ಬ್ಯಾರೊನೆಟ್ ಪದವಿ ದೊರೆಯಿತು.

ಮರಣ ಮತ್ತು ಸ್ಮಾರಕಗಳು

ಸ್ವದೇಶಕ್ಕೆ ಮರಳುವ ಮುನ್ನ ದತ್ತ ಮಂಡಲವನ್ನು ಕೊನೆಯ ಬಾರಿ ನೋಡಲು ಹೊರಟ ಮನ್ರೋ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗುಲಿ ಮರಣಹೊಂದಿದನು. ಗುತ್ತಿಯಲ್ಲಿ ಸಮಾಧಿಯಾದ ದೇಹವನ್ನು 1831ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಸ್ಥಳಾಂತರಿಸಲಾಯಿತು. ರಾಯಲಸೀಮೆಯ ಕೆಲವೆಡೆ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುವ ರೂಢಿಯಿತ್ತೆನ್ನಲಾಗಿದೆ. ಶಿಲ್ಪಿ ಫ್ರಾನ್ಸಿಸ್ ಚಾಂಟ್ರೀ ನಿರ್ಮಿಸಿದ, ಕುದುರೆಯ ಮೇಲೆ ಕುಳಿತ ಮನ್ರೋನ ಕಂಚಿನ ಪ್ರತಿಮೆ 1839ರಿಂದ ಚೆನ್ನೈನ ಐಲೆಂಡ್ ಮೈದಾನದ ಬಳಿ ಇದೆ. ಆ ಕುದುರೆಗೆ ಜೀನಾಗಲಿ ರಿಕಾಪಾಗಲಿ ಇಲ್ಲ.