ಮೀನಿನಲ್ಲಿ ಪಾದರಸ: ಮಿನಮಾಟಾದ ಡಾ. ಹೊಸೊಕಾವಾ ಕಂಡಿದ್ದೇನು, ಹೇಳದೆ ಉಳಿಸಿಕೊಂಡಿದ್ದೇನು?

ಸಮುದ್ರದ ಮೀನಿನಲ್ಲಿ ಪಾದರಸವಿದೆ, ತಿಂದರೆ ನರ ಸೋಲುತ್ತದೆ ಎನ್ನುವ ಫಾರ್ವರ್ಡ್‌ಗಳು ಆಗಾಗ ನಮಗೂ ಬರುತ್ತವೆ. ಕೆಲವರು ಹೆದರಿ ಮೀನು ಬಿಡುತ್ತಾರೆ, ಕೆಲವರು ನಕ್ಕು ಡಿಲೀಟ್ ಮಾಡುತ್ತಾರೆ. ಇಂಥ ಸಂದೇಶಗಳಲ್ಲಿ ಒಂದಿಷ್ಟು ನಿಜವಿರುತ್ತದೆ, ಬಹಳಷ್ಟು ಗಾಬರಿ ಇರುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಜಪಾನಿನ ಒಬ್ಬ ವೈದ್ಯರ ಬದುಕು ನಮಗೆ ಸಹಾಯ ಮಾಡುತ್ತದೆ. ಅವರ ಹೆಸರು ಹಾಜಿಮೆ ಹೊಸೊಕಾವಾ.

ಹೊಸೊಕಾವಾ ಹುಟ್ಟಿದ್ದು 1901ರಲ್ಲಿ, ಶಿಕೊಕು ದ್ವೀಪದ ಎಹಿಮೆ ಪ್ರಾಂತ್ಯದಲ್ಲಿ. ಟೋಕಿಯೊದಲ್ಲಿ ವೈದ್ಯಕೀಯ ಓದಿದರು. ಮುಂದೆ ಕ್ಯೂಶು ದ್ವೀಪದ ಮಿನಮಾಟಾ ಎಂಬ ಕರಾವಳಿ ಊರಿನಲ್ಲಿ ಚಿಸ್ಸೊ ಎಂಬ ರಾಸಾಯನಿಕ ಕಂಪನಿಯ ಆಸ್ಪತ್ರೆಗೆ ಮುಖ್ಯಸ್ಥರಾದರು. ಊರಿಗೆ ಊರೇ ಆ ಕಾರ್ಖಾನೆಯನ್ನು ನೆಚ್ಚಿಕೊಂಡಿತ್ತು. ಕೆಲಸ ಕೊಡುತ್ತಿದ್ದುದು ಅದೇ, ಪುರಸಭೆಗೆ ತೆರಿಗೆ ಕಟ್ಟುತ್ತಿದ್ದುದೂ ಅದೇ. ಪಕ್ಕದ ಕೊಲ್ಲಿಯ ದಂಡೆಯಲ್ಲಿ ಮೀನುಗಾರರ ಸಣ್ಣ ಸಣ್ಣ ಕೇರಿಗಳಿದ್ದವು. ಅವರ ದಿನನಿತ್ಯದ ಊಟವೇ ಮೀನು.

ಮೊದಲು ಹುಚ್ಚೆದ್ದಿದ್ದು ಬೆಕ್ಕುಗಳು

1950ರ ದಶಕದ ಮೊದಲ ವರ್ಷಗಳಲ್ಲೇ ಕೊಲ್ಲಿಯಲ್ಲಿ ಮೀನು ಸತ್ತು ತೇಲತೊಡಗಿದ್ದವು. ಹಾರುತ್ತಿದ್ದ ಕಾಗೆಗಳು ಬೀಳುತ್ತಿದ್ದವು. ಬೆಕ್ಕುಗಳು ನಡುಗುತ್ತಾ, ಕುಣಿದಂತೆ ಸುತ್ತುತ್ತಾ ಸಾಯುತ್ತಿದ್ದವು. ಊರಿನವರು ಇದನ್ನು ಬೆಕ್ಕಿನ ಕುಣಿತದ ರೋಗ ಎಂದು ಕರೆದರು.

1956ರ ಏಪ್ರಿಲ್‌ನಲ್ಲಿ ಐದು ವರ್ಷದ ಹುಡುಗಿಯೊಬ್ಬಳನ್ನು ಹೊಸೊಕಾವಾ ಅವರ ಆಸ್ಪತ್ರೆಗೆ ತಂದರು. ಅವಳಿಗೆ ನಡೆಯಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ಸೆಳವು ಬರುತ್ತಿತ್ತು. ಎರಡೇ ದಿನಕ್ಕೆ ಅವಳ ತಂಗಿಗೂ ಅದೇ ಲಕ್ಷಣ ಕಾಣಿಸಿತು. ಪಕ್ಕದ ಮನೆಯಲ್ಲೂ ಹೀಗೇ ಆಗಿದೆ ಎಂದು ತಾಯಿ ತಿಳಿಸಿದರು. ವೈದ್ಯರು ಮನೆ ಮನೆಗೆ ಹೋಗಿ ವಿಚಾರಿಸಿದಾಗ ಇನ್ನೂ ಹಲವು ರೋಗಿಗಳು ಸಿಕ್ಕರು. ಮೇ 1ರಂದು ಆಸ್ಪತ್ರೆ ಆರೋಗ್ಯ ಇಲಾಖೆಗೆ ವರದಿ ಕೊಟ್ಟಿತು: ನರಮಂಡಲವನ್ನು ಹಿಡಿಯುವ, ಕಾರಣ ಗೊತ್ತಿಲ್ಲದ ರೋಗ ಹರಡುತ್ತಿದೆ. ಮಿನಮಾಟಾ ರೋಗ ಅಧಿಕೃತವಾಗಿ ಪತ್ತೆಯಾದ ದಿನ ಎಂದು ಇಂದಿಗೂ ಗುರುತಿಸುವುದು ಈ ದಿನವನ್ನೇ. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ 40 ರೋಗಿಗಳು ಪತ್ತೆಯಾಗಿದ್ದರು. ಅವರಲ್ಲಿ 14 ಮಂದಿ ತೀರಿಕೊಂಡಿದ್ದರು.

ಆರಂಭದಲ್ಲಿ ಇದು ಅಂಟುರೋಗ ಇರಬಹುದು ಎಂಬ ಅನುಮಾನವಿತ್ತು. ರೋಗಿಗಳನ್ನು ಪ್ರತ್ಯೇಕ ವಾರ್ಡಿಗೆ ಸೇರಿಸಿದರು, ಅವರ ಮನೆಗಳಿಗೆ ಸೋಂಕುನಾಶಕ ಹೊಡೆಸಿದರು. ನೆರೆಹೊರೆಯವರು ಆ ಮನೆಗಳ ಕಡೆ ಸುಳಿಯುವುದನ್ನೇ ಬಿಟ್ಟರು. ಕುಮಾಮೊಟೊ ವಿಶ್ವವಿದ್ಯಾಲಯದ ತಜ್ಞರು ಆ ವರ್ಷದ ಕೊನೆಗೆ ಇದು ಸೋಂಕಲ್ಲ, ಕೊಲ್ಲಿಯ ಮೀನು ಮತ್ತು ಚಿಪ್ಪುಜೀವಿಗಳ ಮೂಲಕ ಬಂದ ಭಾರಲೋಹದ ವಿಷ ಎಂದು ತೋರಿಸಿದರೂ ಅಂಟಿಕೊಂಡ ಕಳಂಕ ಬೇಗ ಹೋಗಲಿಲ್ಲ.

ಪಾದರಸ ತಟ್ಟೆಗೆ ಬಂದಿದ್ದು ಹೇಗೆ?

ಚಿಸ್ಸೊ ಕಾರ್ಖಾನೆ 1932ರಿಂದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸುತ್ತಿತ್ತು. ಅದಕ್ಕೆ ಪಾದರಸದ ಸಂಯುಕ್ತವನ್ನು ವೇಗವರ್ಧಕವಾಗಿ ಬಳಸುತ್ತಿದ್ದರು. ಈ ಕ್ರಿಯೆಯಲ್ಲಿ ಮೀಥೈಲ್ ಮರ್ಕ್ಯುರಿ ಎಂಬ ಹೆಚ್ಚು ಅಪಾಯದ ರೂಪವೂ ಹುಟ್ಟಿ, ತ್ಯಾಜ್ಯ ನೀರಿನ ಜೊತೆ ಸಮುದ್ರ ಸೇರುತ್ತಿತ್ತು.

ನೀರಿನಲ್ಲಿ ಅದರ ಪ್ರಮಾಣ ಕಡಿಮೆ ಇರಬಹುದು. ಆದರೆ ಸೂಕ್ಷ್ಮಜೀವಿಗಳನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣ ಮೀನನ್ನು ದೊಡ್ಡದು ತಿನ್ನುತ್ತದೆ. ಮೈಯಿಂದ ಬೇಗ ಹೊರಹೋಗದ ಈ ವಿಷ ಪ್ರತಿ ಹಂತದಲ್ಲೂ ಹೆಚ್ಚುತ್ತಾ ಹೋಗುತ್ತದೆ. ಅದು ಮೀನಿನ ಮಾಂಸದಲ್ಲೇ ಸೇರಿಕೊಂಡಿರುವುದರಿಂದ ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಮನುಷ್ಯರ ದೇಹದಲ್ಲಿ ಮಿದುಳನ್ನು ತಲುಪುತ್ತದೆ, ಗರ್ಭಿಣಿಯಿಂದ ಮಗುವಿಗೂ ದಾಟುತ್ತದೆ. ಮಿನಮಾಟಾದಲ್ಲಿ ಮೇಲ್ನೋಟಕ್ಕೆ ಆರೋಗ್ಯವಾಗಿದ್ದ ತಾಯಂದಿರಿಗೂ ಮಿದುಳಿಗೆ ತೀವ್ರ ಹಾನಿಯಾದ ಮಕ್ಕಳು ಹುಟ್ಟಿದರು.

400ನೇ ನಂಬರಿನ ಬೆಕ್ಕು

1959ರ ಜುಲೈನಲ್ಲಿ ವಿಶ್ವವಿದ್ಯಾಲಯದ ತಂಡ ಸಾವಯವ ಪಾದರಸದ ಕಡೆ ಬೊಟ್ಟು ಮಾಡಿತು. ಕಂಪನಿ ಒಪ್ಪಲಿಲ್ಲ. ಹೊಸೊಕಾವಾ ಆಗಲೇ ತಮ್ಮ ಆಸ್ಪತ್ರೆಯಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಆ ಜುಲೈನಿಂದ 400ನೇ ನಂಬರಿನ ಬೆಕ್ಕಿನ ಆಹಾರಕ್ಕೆ ಕಾರ್ಖಾನೆಯ ಅಸಿಟಾಲ್ಡಿಹೈಡ್ ಘಟಕದ ತ್ಯಾಜ್ಯವನ್ನೇ ನೇರವಾಗಿ ಬೆರೆಸಿ ಕೊಡತೊಡಗಿದರು. ಅಕ್ಟೋಬರ್ ಮೊದಲ ವಾರದಲ್ಲಿ ಆ ಬೆಕ್ಕು ನಡುಗಿತು, ಸುತ್ತಿತು, ಗೋಡೆಗೆ ಡಿಕ್ಕಿ ಹೊಡೆಯಿತು. ಕೇರಿಗಳ ಬೆಕ್ಕುಗಳಿಗೆ ಬಂದದ್ದು ಇದೇ ರೋಗ.

ಹೊಸೊಕಾವಾ ವಿಷಯವನ್ನು ಕಾರ್ಖಾನೆಯ ಮೇಲಧಿಕಾರಿಗಳಿಗೆ ತಿಳಿಸಿದರು. ಅವರು ಆ ಪ್ರಯೋಗವನ್ನು ಮುಂದುವರಿಸಲು ಬಿಡಲಿಲ್ಲ, ಫಲಿತಾಂಶವನ್ನು ಹೊರಗೆ ಬಿಡಲೂ ಇಲ್ಲ. ಹೊಸೊಕಾವಾ ಕಂಪನಿಯ ಸಂಬಳದ ವೈದ್ಯರು. ಅವರೂ ಊರಿಗೆ ಹೇಳಲಿಲ್ಲ.

ಖಾಲಿ ಬಿಟ್ಟ ಆ ಜಾಗವನ್ನು ಸುಳ್ಳು ವಿವರಣೆಗಳು ತುಂಬಿಕೊಂಡವು. ಯುದ್ಧ ಮುಗಿದಾಗ ಸಮುದ್ರಕ್ಕೆ ಎಸೆದ ಸ್ಫೋಟಕಗಳೇ ಕಾರಣ ಎಂದು ರಾಸಾಯನಿಕ ಉದ್ಯಮದ ಪ್ರತಿನಿಧಿಯೊಬ್ಬರು ವಾದಿಸಿದರು. ಕೊಳೆತ ಮೀನು ತಿಂದಿದ್ದರಿಂದ ಹೀಗಾಗಿದೆ ಎಂಬರ್ಥದ ವಾದವೂ ಬಂತು. ತಪ್ಪು ಬಡ ಮೀನುಗಾರರದ್ದೇ ಎನ್ನುವಂತಾಯಿತು. ಇವು ಇಂದಿನ ಫಾರ್ವರ್ಡ್‌ಗಳ ಹಾಗೆ ಅನಾಮಧೇಯವಾಗಿರಲಿಲ್ಲ, ತಜ್ಞರ ಹೆಸರಿನಲ್ಲೇ ಬಂದವು. ಆ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ನೀರು ಶುದ್ಧೀಕರಣ ಯಂತ್ರವೊಂದನ್ನು ಕೂರಿಸಿ ಸಮಸ್ಯೆ ಮುಗಿಯಿತೆಂದು ತೋರಿಸಿಕೊಂಡಿತು. ಪಾದರಸ ತೆಗೆಯಲೆಂದು ಮಾಡಿದ ಯಂತ್ರ ಅದಾಗಿರಲಿಲ್ಲ.

ಹೊಸೊಕಾವಾ 1962ರಲ್ಲಿ ಕೆಲಸ ಬಿಟ್ಟರು. 1965ರಲ್ಲಿ ನೀಗಾಟಾ ಪ್ರಾಂತ್ಯದ ನದಿ ದಂಡೆಯಲ್ಲಿ, ಮತ್ತೊಂದು ಕಂಪನಿಯ ಅದೇ ಬಗೆಯ ಕಾರ್ಖಾನೆಯ ಕೆಳಹರಿವಿನಲ್ಲಿ, ಅದೇ ರೋಗ ಕಾಣಿಸಿಕೊಂಡಿತು. ಮಿನಮಾಟಾದಲ್ಲಿ ಅಸಿಟಾಲ್ಡಿಹೈಡ್ ತಯಾರಿಕೆ ನಿಂತಿದ್ದು 1968ರ ಮೇನಲ್ಲಿ. ಕಾರ್ಖಾನೆಯ ತ್ಯಾಜ್ಯವೇ ಕಾರಣವೆಂದು ಸರ್ಕಾರ ಒಪ್ಪಿದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ 400ನೇ ಬೆಕ್ಕು ಉತ್ತರ ಕೊಟ್ಟು ಸುಮಾರು ಒಂಬತ್ತು ವರ್ಷ ಕಳೆದಿತ್ತು. ಜನ ಮೀನು ತಿನ್ನುತ್ತಲೇ ಇದ್ದರು.

1969ರಲ್ಲಿ ರೋಗಿಗಳ ಕುಟುಂಬಗಳು ನ್ಯಾಯಾಲಯಕ್ಕೆ ಹೋದವು. ಆಗ ಹೊಸೊಕಾವಾ ಅವರಿಗೆ ಕ್ಯಾನ್ಸರ್. 1970ರ ಜುಲೈನಲ್ಲಿ ಆಸ್ಪತ್ರೆಯ ಹಾಸಿಗೆಯಲ್ಲೇ ಸಾಕ್ಷ್ಯ ಕೊಟ್ಟು, ಬೆಕ್ಕಿನ ಪ್ರಯೋಗವನ್ನೂ ಅದನ್ನು ತಡೆದದ್ದನ್ನೂ ವಿವರಿಸಿದರು. ಅಕ್ಟೋಬರ್‌ನಲ್ಲಿ ತೀರಿಕೊಂಡರು. 1973ರ ಮಾರ್ಚ್‌ನಲ್ಲಿ ತೀರ್ಪು ರೋಗಿಗಳ ಪರವಾಗಿ ಬಂತು. ಅದನ್ನು ಕೇಳಲು ಅವರಿರಲಿಲ್ಲ. ಅವರನ್ನು ಹೊಗಳಬೇಕೋ ದೂರಬೇಕೋ ಎಂದು ನಾವೂ ಚರ್ಚಿಸಿದೆವು. ರೋಗವನ್ನು ಮೊದಲು ವರದಿ ಮಾಡಿದ್ದು ಅವರೇ, ಗೊತ್ತಾದ ಕಾರಣವನ್ನು ಮುಚ್ಚಿಟ್ಟುಕೊಂಡಿದ್ದೂ ಅವರೇ. ಎರಡೂ ನಿಜ.

ಹಾಗಾದರೆ ಮೀನು ತಿನ್ನಬಹುದೇ?

ತಿನ್ನಬಹುದು. ಮಿನಮಾಟಾದ ರೋಗಿಯೊಬ್ಬರ ಕೂದಲಿನಲ್ಲಿ 705 ಪಿಪಿಎಂನಷ್ಟು ಪಾದರಸ ಸಿಕ್ಕಿತ್ತು. ಆ ಪ್ರದೇಶದಿಂದ ದೂರ ಇದ್ದವರಲ್ಲಿ ಸರಾಸರಿ 4 ಪಿಪಿಎಂ ಇತ್ತು. ಒಂದೇ ಕೊಲ್ಲಿಗೆ ವರ್ಷಾನುಗಟ್ಟಲೆ ಸುರಿದ ವಿಷವನ್ನೂ ಮಾರುಕಟ್ಟೆಯ ಸಾಮಾನ್ಯ ಮೀನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಮ್ಮ ಕರಾವಳಿಯ ಬೂತಾಯಿ, ಬಂಗುಡೆಯಂಥ ಸಣ್ಣ ಮೀನುಗಳಲ್ಲಿ ಸಾಮಾನ್ಯವಾಗಿ ಪಾದರಸ ಕಡಿಮೆ. ಪ್ರೋಟೀನ್ ಮತ್ತು ಒಮೆಗಾ-3 ಕೊಬ್ಬು ಚೆನ್ನಾಗಿ ಸಿಗುತ್ತದೆ. ಶಾರ್ಕ್, ಸ್ವೋರ್ಡ್‌ಫಿಶ್‌ನಂಥ, ಬೇರೆ ಮೀನುಗಳನ್ನು ಬೇಟೆಯಾಡಿ ಬಹಳ ಕಾಲ ಬದುಕುವ ದೊಡ್ಡ ಮೀನುಗಳಲ್ಲಿ ಹೆಚ್ಚು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮತ್ತು ಚಿಕ್ಕ ಮಕ್ಕಳು ಅಂಥ ಮೀನು ಬಿಟ್ಟು ಸಣ್ಣ ಮೀನು ತಿನ್ನುವುದು ಒಳ್ಳೆಯದು.

ಪಾದರಸವನ್ನು ಹತೋಟಿಗೆ ತರುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಇಂದು ಮಿನಮಾಟಾದ ಹೆಸರೇ ಇದೆ. 2017ರಲ್ಲಿ ಅದು ಜಾರಿಗೆ ಬಂತು, 2018ರಲ್ಲಿ ಭಾರತವೂ ಅನುಮೋದಿಸಿತು. ಮುಂದಿನ ಸಲ ಮೀನಿನ ಬಗ್ಗೆ ಫಾರ್ವರ್ಡ್ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಮೀನು, ಎಷ್ಟು ಪ್ರಮಾಣ, ಯಾವ ನೀರಿನದು? ಇವುಗಳಿಗೆ ಉತ್ತರವಿಲ್ಲದ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ನಿಮ್ಮೂರಿನ ಹೊಳೆಗೋ ಕಡಲಿಗೋ ಬಣ್ಣದ ನೀರು ಬಂದು ಸೇರುವುದು, ಮೀನು ಸತ್ತು ತೇಲುವುದು ಕಣ್ಣಿಗೆ ಬಿದ್ದರೆ ಮಾತ್ರ ಸುಮ್ಮನಿರಬೇಡಿ. ದಿನಾಂಕ ಸಹಿತ ಫೋಟೊ ತೆಗೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ.