ಅಪ್ಪ–ಮಗನ ನಡುವಿನ ಒತ್ತಡ

ಹೈವೇಯಲ್ಲಿ ಸ್ಕೂಟರ್ ಓಡಿಸುವಾಗ ದೊಡ್ಡ ಬಸ್ಸೊಂದು ಪಕ್ಕದಲ್ಲೇ ಭರ್ರನೆ ಹಾದುಹೋದರೆ ಏನಾಗುತ್ತದೆ ಗಮನಿಸಿದ್ದೀರಾ? ಮೊದಲು ಗಾಳಿ ನಮ್ಮನ್ನು ರಸ್ತೆ ಅಂಚಿಗೆ ತಳ್ಳುತ್ತದೆ. ಮರುಕ್ಷಣ ಬಸ್ಸೇ ಎಳೆದುಕೊಂಡಂತಾಗುತ್ತದೆ. ಎರಡೂ ವಾಹನಗಳ ನಡುವಿನ ಕಿರಿದಾದ ಜಾಗದಲ್ಲಿ ಗಾಳಿ ವೇಗವಾಗಿ ನುಗ್ಗಿ ಒತ್ತಡ ಇಳಿಯುತ್ತದೆ; ನಮ್ಮ ಆಚೆ ಬದಿಯ ಗಾಳಿ ಒಳಕ್ಕೆ ನೂಕುತ್ತದೆ. ಲಾರಿಯ ಟಾರ್ಪಾಲು ಹೊರಕ್ಕೆ ಉಬ್ಬುವುದೂ ಇದೇ ಲೆಕ್ಕದಿಂದ. ಆ ಲೆಕ್ಕಕ್ಕೆ ಹೆಸರು ಕೊಟ್ಟವರು ಡೇನಿಯಲ್ ಬರ್ನೌಲಿ. ಅವರ ಸಮೀಕರಣವನ್ನು ಪರೀಕ್ಷೆಗಾಗಿ ಉರುಹೊಡೆದಿದ್ದ ನನಗೆ ಅವರ ಬದುಕು ಗೊತ್ತಾದದ್ದು ಪರೀಕ್ಷೆ ಮುಗಿದ ಮೇಲೆ.

1700ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಹುಟ್ಟಿದ ಡೇನಿಯಲ್ ಬೆಳೆದದ್ದು ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ. ತಂದೆ ಯೋಹಾನ್ ಹೆಸರಾಂತ ಗಣಿತಜ್ಞ. ಆದರೂ ಮಗ ವ್ಯಾಪಾರಿಯಾಗಲಿ ಎಂದು ಹಠ ಹಿಡಿದರು. ಮಗ ಒಪ್ಪದಿದ್ದಾಗ ವೈದ್ಯಕೀಯಕ್ಕೆ ಸೇರಿಸಿದರು. ತಮಾಷೆಯೆಂದರೆ, ಯೋಹಾನ್ ಅವರ ಅಪ್ಪನೂ ಹಿಂದೆ ಅವರನ್ನು ವ್ಯಾಪಾರಕ್ಕೇ ತಳ್ಳಲು ನೋಡಿದ್ದರು! ಸಿಇಟಿ ಕೌನ್ಸೆಲಿಂಗ್ ದಿನಗಳಲ್ಲಿ ಮನೆಯಲ್ಲಿ ಜಗಳವಾಡಿದ ಯಾರಿಗೂ ಇದು ಹೊಸತಲ್ಲ.

ಉಸಿರಾಟದ ಮೇಲೆ ಪ್ರಬಂಧ ಬರೆದು 1721ರಲ್ಲಿ ಡೇನಿಯಲ್ ವೈದ್ಯರಾದರು. ಗಣಿತ ಮಾತ್ರ ಬಿಡಲಿಲ್ಲ. 1725ರಲ್ಲಿ ಅಣ್ಣ ನಿಕೋಲಸ್ ಜತೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು. ವರ್ಷ ತುಂಬುವಷ್ಟರಲ್ಲಿ ಅಣ್ಣ ತೀರಿಕೊಂಡರು. ಆ ಚಳಿಯ ಊರಲ್ಲಿ, ನಂತರ ಬಂದ ಗೆಳೆಯ ಆಯ್ಲರ್ ಒಡನಾಟದಲ್ಲಿ, ಹರಿಯುವ ನೀರಿನ ಅಧ್ಯಯನ ನಡೆಯಿತು. ಕೊಳವೆಯ ಗೋಡೆಗೆ ಸಣ್ಣ ತೂತು ಮಾಡಿ, ಅದಕ್ಕೆ ನಳಿಗೆ ಸಿಕ್ಕಿಸಿ, ನೀರು ಎಷ್ಟು ಎತ್ತರಕ್ಕೆ ಏರುತ್ತದೆಂದು ನೋಡಿ ಒತ್ತಡ ಅಳೆದರು.

1734ರಲ್ಲಿ ಪ್ಯಾರಿಸ್ ಅಕಾಡೆಮಿಯ ಬಹುಮಾನ ಅಪ್ಪ–ಮಗ ಇಬ್ಬರಿಗೂ ಹಂಚಿಕೆಯಾಯಿತು. ಮಗ ತನಗೆ ಸಮನಾದನೆಂದು ಕೆರಳಿದ ಯೋಹಾನ್ ಅವರನ್ನು ಮನೆಯಿಂದಲೇ ಹೊರಹಾಕಿದರು. 1738ರಲ್ಲಿ ‘ಹೈಡ್ರೋಡೈನಾಮಿಕಾ’ ಪ್ರಕಟವಾದಾಗ ಮುಖಪುಟದಲ್ಲಿ ಡೇನಿಯಲ್ ತಮ್ಮನ್ನು ಯೋಹಾನ್ ಅವರ ಮಗನೆಂದೇ ಕರೆದುಕೊಂಡಿದ್ದರು. ಅಪ್ಪ ಕರಗಲಿಲ್ಲ. ಅದೇ ವಿಷಯದ ಮೇಲೆ ತಾವೂ ಪುಸ್ತಕ ಬರೆದು, ಮಗನಿಗಿಂತ ಮೊದಲೇ ಬರೆದದ್ದೆಂದು ತೋರಿಸಲು 1732ರ ಇಸವಿ ಹಾಕಿಸಿದರು. ನನಗಂತೂ ಓದಿ ಸಿಟ್ಟೇ ಬಂತು.

ಡೇನಿಯಲ್ ಆಮೇಲೆ ಬಾಸೆಲ್‌ನಲ್ಲೇ ಭೌತಶಾಸ್ತ್ರ ಕಲಿಸಿದರು. ಪ್ಯಾರಿಸ್ ಬಹುಮಾನವನ್ನು ಒಟ್ಟು ಹತ್ತು ಬಾರಿ ಪಡೆದರು. 1782ರಲ್ಲಿ ತೀರಿಕೊಂಡರು. ಆಗಿನ್ನೂ ರಸ್ತೆಯಲ್ಲಿ ಮೋಟಾರು ವಾಹನವೇ ಇರಲಿಲ್ಲ.

ನಮ್ಮಪ್ಪನ ಹಳೇ ಬೈಕಿನ ಕಾರ್ಬುರೇಟರ್ ಕೂಡ ಈ ತತ್ವದಿಂದಲೇ ನಡೆಯುತ್ತದೆ. ಅದರ ಕಿರಿದಾದ ಕಂಠದಲ್ಲಿ ಗಾಳಿ ವೇಗ ಪಡೆದು ಒತ್ತಡ ಇಳಿದಾಗ ಪೆಟ್ರೋಲು ತಾನಾಗಿ ಮೇಲೇರುತ್ತದೆ. ಕಳೆದ ವಾರ ಇದನ್ನು ಅಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಮೈಲೇಜ್ ಯಾಕೆ ಬರುತ್ತಿಲ್ಲ ನೋಡು ಎಂದು ಸ್ಪ್ಯಾನರ್ ಕೈಗಿಟ್ಟರು.